ಹಳೇ ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟುವಾಗ ಆಯಿಲ್ ಸೋರದಂತೆ ಏನು ಮಾಡಬೇಕು?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪನ ಕಾಲದ 1967ರ ಅಂಬಾಸಿಡರ್ ಮಾರ್ಕ್ 2 ಇದೆ. ಕಳೆದ ವರ್ಷ ಎಂಜಿನ್ ಪೂರ್ತಿ ಬಿಚ್ಚಿಸಿ ಬೋರಿಂಗ್ ಮಾಡಿಸಿದೆವು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಎಲ್ಲಾ ಪ್ಯಾಕಿಂಗ್ ಹೊಸದು ಹಾಕಿಸಿದೆವು. ಸಿಲಿಕಾನ್ ಗಮ್ ಕೂಡ ಧಾರಾಳವಾಗಿ ಹಚ್ಚಿದ್ದಾರೆ. ಆದರೂ ಗೇರ್‌ಬಾಕ್ಸ್ ಕಡೆಯಿಂದ ಆಯಿಲ್ ತೊಟ್ಟಿಕ್ಕುತ್ತದೆ, ಟ್ಯಾಪೆಟ್ ಕವರ್ ಸುತ್ತಲೂ ಒದ್ದೆ. ಈ ಮಳೆಗಾಲದಲ್ಲಿ ಗಾಡಿ ಹೇಗೂ ಶೆಡ್ಡಿನಲ್ಲೇ ಇರುತ್ತದೆ, ಮತ್ತೆ ಎಂಜಿನ್ ಇಳಿಸೋಣ ಅಂತಿದ್ದೇವೆ. ಈ ಸಲ ಸೋರದ ಹಾಗೆ ಕಟ್ಟಲು ಏನೇನು ನೋಡಬೇಕು? ಕೆಲವರು ಈ ಎಂಜಿನ್ ತೆಗೆದು ಬೇರೆ ಕೂರಿಸಿ ಎನ್ನುತ್ತಾರೆ. ಇನ್ನು ಕೆಲವರು ಸೋರಿಕೆ ನಿಲ್ಲಿಸುವ ಔಷಧಿ ಬಾಟಲಿ ಹಾಕಿದರೆ ಸಾಕು ಎನ್ನುತ್ತಾರೆ.

ಉತ್ತರ: ಬೇರೆ ಎಂಜಿನ್ ಕೂರಿಸುವ ಮಾತನ್ನು ಮೊದಲು ಬಿಟ್ಟುಬಿಡಿ. ನಿಮ್ಮ ಕಾರಿನಲ್ಲಿರುವುದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಎಂಜಿನ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ಗೂ ಎಂಜಿ ಕಾರುಗಳಿಗೂ ಇದೇ ವಂಶದ ಎಂಜಿನ್ ಇತ್ತು. ಗಟ್ಟಿ ಎಂಜಿನ್ ಅದು, ಸರಿಯಾಗಿ ಕಟ್ಟಿದರೆ ನಿಮ್ಮ ಮಕ್ಕಳೂ ಓಡಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಆದರೆ ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಮುಂದೆ ಎಂದಾದರೂ ಆ ಯೋಚನೆ ಬಂದರೆ ಮೂಲ ಎಂಜಿನ್ ಕೈಯಲ್ಲಿರಬೇಕು, ಅಲ್ವಾ?

ಈಗ ಸೋರಿಕೆಗೆ ಬರೋಣ. ಪ್ಯಾಕಿಂಗ್ ಹೊಸದಾದರೆ ಸೋರಿಕೆ ನಿಲ್ಲುತ್ತದೆ, ಅದರ ಮೇಲೆ ಸಿಲಿಕಾನ್ ಹಚ್ಚಿದರೆ ಇನ್ನೂ ಭದ್ರ ಎಂದು ಬಹಳ ಜನ ನಂಬಿದ್ದಾರೆ. ಈ ಎಂಜಿನ್ ವಿಷಯದಲ್ಲಿ ಅದು ನಿಜ ಅಲ್ಲ. ಇದು ಸೋರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದೋ ಕೂಡಬೇಕಾದ ಎರಡು ಮುಖಗಳು ನೆಟ್ಟಗಿಲ್ಲ, ಇಲ್ಲವೇ ಒಳಗೆ ತುಂಬಿದ ಗಾಳಿ ಆಯಿಲನ್ನು ಹೊರಗೆ ದೂಡುತ್ತಿದೆ. ಈ ಎರಡು ಸರಿಯಾದರೆ ಪ್ಯಾಕಿಂಗ್‌ಗೆ ಉಳಿಯುವ ಕೆಲಸ ಬಹಳ ಕಡಿಮೆ. ಸರಿಯಾಗದಿದ್ದರೆ ಯಾವ ಗಮ್ಮೂ ತಡೆಯುವುದಿಲ್ಲ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಕಾರಿನಲ್ಲಿ ಇರುವಾಗಲೇ ಎರಡು ಪರೀಕ್ಷೆ ಮಾಡಿ. ಬಿಚ್ಚಿದ ಮೇಲೆ ಇವು ಸಾಧ್ಯವಿಲ್ಲ.

ಮೊದಲನೆಯದು, ಆಯಿಲ್ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ನೋಡುವುದು. ಗೇರ್‌ಬಾಕ್ಸ್ ಬುಡದಲ್ಲಿ ತೊಟ್ಟಿಕ್ಕಿತು ಅಂದಕೂಡಲೇ ಹಿಂದಿನ ಸೀಲ್ ಹೋಯಿತು ಎಂದು ತೀರ್ಮಾನ ಮಾಡುತ್ತಾರೆ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಮೇಲೆ ಎಲ್ಲಿ ಸೋರಿದರೂ ಕೊನೆಗೆ ತೊಟ್ಟಾಗಿ ಬೀಳುವುದು ಕ್ಲಚ್ ಹೌಸಿಂಗ್ ಬುಡದಿಂದಲೇ. ಎಂಜಿನ್ ಹೊರಮೈಯನ್ನು ಚಿಮಿಣಿ ಎಣ್ಣೆಯಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಬ್ಲಾಕಿನ ಎರಡೂ ಬದಿಗೆ, ಹಿಂಭಾಗಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಹತ್ತು ಹದಿನೈದು ನಿಮಿಷ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿಯ ಮೇಲೆ ಆಯಿಲಿನ ಜಾಡು ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆ ಶುರುವಾಗುವ ಜಾಗವೇ ನಿಮಗೆ ಬೇಕಾದದ್ದು.

ಈ ಎಂಜಿನ್‌ನಲ್ಲಿ ಹಿಂದಿನ ಸೀಲ್ ಮೇಲೆ ಸುಮ್ನೆ ಅಪವಾದ ತರುವ ಜಾಗಗಳು ಕೆಲವಿವೆ. ಡ್ರೈವರ್ ಸೀಟಿನಿಂದ ನೋಡಿದರೆ ಎಂಜಿನ್ನಿನ ಎಡಗಡೆ ಹಿಂಬದಿಯಲ್ಲಿ ಗುಮ್ಮಟದಂಥ ಒಂದು ನಟ್ಟು ಇದೆ. ಆಯಿಲ್ ಪ್ರೆಶರ್ ರಿಲೀಫ್ ವಾಲ್ವ್ ಅದರ ಒಳಗಿದೆ. ಅದರ ಬುಡದ ವಾಷರ್ ಹಳತಾದರೆ ಪೂರ್ತಿ ಪ್ರೆಶರಿನಲ್ಲಿರುವ ಆಯಿಲ್ ಜಿನುಗಿ ನೇರ ಕ್ಲಚ್ ಹೌಸಿಂಗ್ ಮೇಲೆ ಇಳಿಯುತ್ತದೆ. ಬಲಗಡೆ ಹಿಂಬದಿಯಲ್ಲಿ ಪ್ರೆಶರ್ ಗೇಜಿಗೆ ಹೋಗುವ ಪೈಪಿನ ಯೂನಿಯನ್ ಇದೆ, ಅದರದ್ದೂ ಇದೇ ಕಥೆ. ಎಡಗಡೆ ಮ್ಯಾನಿಫೋಲ್ಡಿನ ಹಿಂದೆ ಅಡಗಿರುವ ಎರಡು ಸೈಡ್ ಕವರ್‌ಗಳನ್ನಂತೂ ಯಾರೂ ಬಗ್ಗಿ ನೋಡುವುದೇ ಇಲ್ಲ. ಎಕ್ಸಾಸ್ಟ್ ಬಿಸಿಗೆ ಅಲ್ಲಿನ ಕಾರ್ಕ್ ಒಣಗಿ ಹಪ್ಪಳವಾಗಿರುತ್ತದೆ. ಎಂಜಿನ್ ಕಾರಿನಲ್ಲಿರುವಾಗ ಅಲ್ಲಿಗೆ ಕೈ ಹೋಗುವುದೇ ಕಷ್ಟ. ಹೊರಗಿರುವಾಗಲೇ ಅದನ್ನು ಮುಗಿಸಬೇಕು.

ಎರಡನೆಯ ಪರೀಕ್ಷೆ ಒಳಗಿನ ಗಾಳಿಯದ್ದು. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕೆಳಗಿನ ಚೇಂಬರ್ (ಆಯಿಲ್ ನಿಲ್ಲುವ ತಗಡಿನ ತೊಟ್ಟಿ) ಕಡೆಗೆ ಇಳಿಯುವುದು ಎಲ್ಲ ಎಂಜಿನ್‌ನಲ್ಲೂ ಇದ್ದದ್ದೇ. ಅದು ಜಾಸ್ತಿಯಾದರೆ ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅಳೆಯಲು ದೊಡ್ಡ ಉಪಕರಣ ಬೇಡ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪ್ ಒಂದು ತುಂಡು ಸಾಕು. ಒಂದು ತುದಿಯನ್ನು ಡಿಪ್‌ಸ್ಟಿಕ್ ತೂತಿಗೆ ಗಾಳಿ ಹೋಗದ ಹಾಗೆ ಕೂರಿಸಿ. ಮಧ್ಯದ ಭಾಗ ಯು ಆಕಾರದಲ್ಲಿ ಡಿಪ್‌ಸ್ಟಿಕ್ ತೂತಿಗಿಂತ ಬಹಳ ಕೆಳಗೆ ತೂಗಲಿ, ಅದರಲ್ಲಿ ಸ್ವಲ್ಪ ನೀರು ಇರಲಿ. ಇನ್ನೊಂದು ತುದಿ ತೆರೆದಿರಲಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ನೋಡಿ, ಆಮೇಲೆ ಸ್ವಲ್ಪ ರೇಸ್ ಮಾಡಿ ನೋಡಿ. ಎರಡು ಕಡೆಯ ನೀರಿನ ಮಟ್ಟಕ್ಕೆ ಕೆಲವೇ ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಬೆರಳಗಲಕ್ಕಿಂತ ಜಾಸ್ತಿ ಏರಿದರೆ ಒಳಗೆ ಒತ್ತಡ ತುಂಬುತ್ತಿದೆ ಎಂದೇ ಅರ್ಥ. ಟ್ಯಾಪೆಟ್ ಕವರ್ ಸುತ್ತಲೂ ಒದ್ದೆ ಎಂದು ಬರೆದಿದ್ದೀರಲ್ಲ, ನನಗೆ ಮೊದಲ ಅನುಮಾನ ಇಲ್ಲೇ.

ಒತ್ತಡ ತುಂಬಿದ್ದರೆ ಮೊದಲು ಬ್ರೀದರ್ ನೋಡಿ. ಮುಂದಿನ ಸೈಡ್ ಕವರ್‌ನಿಂದ ಒಂದು ಪೈಪ್ ಕೆಳಗೆ ಇಳಿಯುತ್ತದೆ. ಒಳಗಿನ ಹೊಗೆ ಹೊರಗೆ ಹೋಗುವ ಮುಖ್ಯ ದಾರಿ ಅದು. ನಮ್ಮ ಕಡೆ ಒಂದೆರಡು ತಿಂಗಳು ನಿಂತ ಗಾಡಿಯ ಯಾವ ಪೈಪನ್ನೂ ಕುಂಬಾರ ಹುಳ ಬಿಡುವುದಿಲ್ಲ, ಒಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಸರಿಯಾಗೇ ಕಾಣುತ್ತದೆ. ಒಂದು ತಂತಿ ತೂರಿಸಿದಾಗ ಕೆಂಪು ಮಣ್ಣು ಉದುರುತ್ತದೆ. ಪೈಪ್ ಮಾತ್ರ ಅಲ್ಲ, ಕವರ್ ಒಳಗಿನ ಜಾಲರಿಯೂ ಮಸಿ ಕಟ್ಟಿರುತ್ತದೆ. ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ತೊಳೆಯಿರಿ. ಆಯಿಲ್ ಹಾಕುವ ಮುಚ್ಚಳವೂ ಇದರ ಭಾಗವೇ. ಮೂಲ ಮುಚ್ಚಳದಲ್ಲಿ ಗಾಳಿ ಆಡಲು ದಾರಿ ಇದೆ. ಅದು ಕಳೆದುಹೋಗಿ ಯಾವುದೋ ಬಿಗಿ ಮುಚ್ಚಳ ಹಾಕಿದ್ದರೆ ಬದಲಿಸಿ.

ಬ್ರೀದರ್ ಸ್ವಚ್ಛ ಇದ್ದೂ ಒತ್ತಡ ಇದ್ದರೆ ರಿಂಗ್ ಕಡೆಗೆ ತಿರುಗಬೇಕು. ಕಂಪ್ರೆಷನ್ ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಆಗ ಏರಿದರೆ ರಿಂಗ್ ಕೂತಿಲ್ಲ. ಹೊಸ ಬೋರಿಂಗ್ ಆದ ಎಂಜಿನ್‌ಗೆ ಹೀಗಾಗುವುದು ಅಪರೂಪ ಅಲ್ಲ. ಹೋನಿಂಗ್ (ಬೋರಿಂಗ್ ಆದ ಮೇಲೆ ಕಲ್ಲಿನಲ್ಲಿ ಉಜ್ಜುವುದು) ಮಾಡಿದಾಗ ಸಿಲಿಂಡರ್ ಗೋಡೆಯಲ್ಲಿ ಓರೆ ಗೆರೆಗಳು ಒಂದನ್ನೊಂದು ಕತ್ತರಿಸಿದ ಹಾಗೆ ಸ್ಪಷ್ಟವಾಗಿ ಇರಬೇಕು. ಹೊಸ ಎಂಜಿನ್ ಎಂದು ವಾರಗಟ್ಟಲೆ ಅಂಗಳದಲ್ಲೇ ಐಡಲ್ ಓಡಿಸಿದರೆ ಆ ಗೆರೆಗಳು ಕನ್ನಡಿಯಂತೆ ಮೆರುಗು ಕಟ್ಟುತ್ತವೆ. ಆಮೇಲೆ ರಿಂಗ್ ಎಂದಿಗೂ ಕೂರುವುದಿಲ್ಲ. ಈ ಸಲ ಕಟ್ಟಿದ ಮೇಲೆ ಚೆರ್ಕಳ–ಕಲ್ಲಡ್ಕ ರಸ್ತೆಯಂಥ ಏರು ಇಳಿಜಾರಿನ ದಾರಿಯಲ್ಲಿ ಹದವಾಗಿ ಲೋಡ್ ಕೊಟ್ಟು ಬಿಟ್ಟು ಓಡಿಸಿ. ಮೊದಲ ಸಾವಿರ ಕಿಲೋಮೀಟರ್ ಮಾಮೂಲಿ ಮಿನರಲ್ ಆಯಿಲೇ ಇರಲಿ, ಸಿಂಥೆಟಿಕ್ ಬೇಡ.

ಇನ್ನು ಹಿಂದಿನ ತುದಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ.

ಮೂರು ಮೇನ್ ಬೇರಿಂಗಿನ ಈ ಎಂಜಿನ್ನಿನ ಹಿಂದಿನ ತುದಿಯಲ್ಲಿ ರಬ್ಬರ್ ಸೀಲ್ ಇಲ್ಲವೇ ಇಲ್ಲ. ಕ್ರ್ಯಾಂಕಿನ ಮೇಲೆಯೇ ತಿರುಪಿನಂಥ ಗೆರೆ ಕೊರೆದಿದ್ದಾರೆ, ಅದನ್ನು ಸ್ಕ್ರೋಲ್ ಎನ್ನುತ್ತಾರೆ. ಅದರ ಸುತ್ತ ಬ್ಲಾಕಿನ ಕಡೆಯ ಲೋಹ ಬಹಳ ಹತ್ತಿರ ಬರುತ್ತದೆ, ಆದರೆ ಮುಟ್ಟುವುದಿಲ್ಲ. ಸಂದು ಇಂಚಿನ ಸಾವಿರದಲ್ಲಿ ಕೆಲವೇ ಭಾಗ. ಎಂಜಿನ್ ತಿರುಗುವಾಗ ಈ ತಿರುಪು ಹಿಂದಕ್ಕೆ ಬಂದ ಆಯಿಲನ್ನು ಮುಂದಕ್ಕೆ ಎಳೆದು ಚೇಂಬರಿಗೆ ಬೀಳಿಸುತ್ತದೆ. ಎಂಜಿನ್ ನಿಂತರೆ ಅದರ ಕೆಲಸವೂ ನಿಂತಿತು. ಆದ್ದರಿಂದ ನಿಲ್ಲಿಸಿದ ಮೇಲೆ ರಾತ್ರಿ ಕಳೆಯುವಷ್ಟರಲ್ಲಿ ಒಂದೆರಡು ತೊಟ್ಟು ಬಿದ್ದರೆ ಅದು ಈ ವಿನ್ಯಾಸದ ಸ್ವಭಾವ. ಅದನ್ನು ದೋಷ ಎಂದು ಎಂಜಿನ್ ಇಳಿಸಬೇಡಿ. ಅಂಗೈ ಅಗಲ ಕಲೆ ಆಗುತ್ತಿದ್ದರೆ, ಇಲ್ಲವೇ ಕ್ಲಚ್ ಜಾರಲು ಶುರುವಾದರೆ ಮಾತ್ರ ಅದು ರಿಪೇರಿಯ ವಿಷಯ.

ಸ್ಕ್ರೋಲ್ ಸರಿಯಾಗಿ ಕೆಲಸ ಮಾಡಬೇಕಾದರೆ ಅದು ತನ್ನ ಗೂಡಿನ ನಟ್ಟ ನಡುವೆ ತಿರುಗಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಮೆಷಿನ್‌ನಲ್ಲಿ ಸ್ವಲ್ಪ ಓರೆಯಾಗಿ ಹಿಡಿದಿದ್ದರೆ ಜರ್ನಲ್‌ಗಳ (ಬೇರಿಂಗಿನಲ್ಲಿ ಕೂತು ತಿರುಗುವ ಭಾಗಗಳ) ನಡುವೂ ಸ್ಕ್ರೋಲಿನ ನಡುವೂ ಬೇರೆಯಾಗುತ್ತದೆ. ಬೇರಿಂಗ್ ಪ್ರಕಾರ ಎಲ್ಲ ಸರಿ ಇರುತ್ತದೆ, ಪ್ರೆಶರೂ ಚೆನ್ನಾಗಿರುತ್ತದೆ, ಹಿಂದೆ ಮಾತ್ರ ಸೋರುತ್ತದೆ. ನೀವು ಗ್ರೈಂಡ್ ಮಾಡಿಸಿದ್ದೀರಿ ಎಂದಿರಿ, ಹಾಗಾಗಿ ಈ ಸಲ ಕ್ರ್ಯಾಂಕನ್ನು ಮಂಗಳೂರಿಗೋ ಎಲ್ಲಿಗೋ ಒಯ್ದಾಗ ಸುಮ್ನೆ ಸೈಜ್ ಮಾತ್ರ ಕೇಳಬೇಡಿ. ಮುಂದಿನ ಮತ್ತು ಹಿಂದಿನ ಮೇನ್ ಜರ್ನಲ್‌ಗಳನ್ನು ವಿ ಬ್ಲಾಕ್ ಮೇಲೆ ಇಟ್ಟು, ಸ್ಕ್ರೋಲ್ ಪಕ್ಕದ ನುಣುಪು ಭಾಗಕ್ಕೆ ಡಯಲ್ ಗೇಜ್ ತಾಗಿಸಿ, ಕಣ್ಣೆದುರೇ ತಿರುಗಿಸಿ ತೋರಿಸಲು ಹೇಳಿ. ಮುಳ್ಳು ಒಂದೆರಡು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಒಳಗೆ ಆಡಬೇಕು. ಕ್ರ್ಯಾಂಕ್ ಕೂರಿಸಿ ಮೇನ್ ಕ್ಯಾಪ್‌ಗಳನ್ನು ಟೈಟ್ ಮಾಡಿದ ಮೇಲೆ ಸ್ಕ್ರೋಲ್ ಸುತ್ತಲೂ ಫೀಲರ್ ಗೇಜ್ ಹಾಕಿ ನೋಡಿ. ಸಂದು ಎಲ್ಲ ಕಡೆ ಸಮ ಇರಬೇಕು. ಒಂದು ಕಡೆ ತಾಗಿದ ಹೊಳಪು, ಎದುರು ಕಡೆ ಅಗಲ ಸಂದು ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಂದೆ ಕಟ್ಟಿ ಪ್ರಯೋಜನ ಇಲ್ಲ.

ಸ್ಕ್ರೋಲ್ ಗೆರೆಗಳಿಗೆ ಎಮರಿ ಪೇಪರ್ ತಾಗಿಸಲೇಬೇಡಿ. ಆ ಗೆರೆಗಳ ಅಂಚು ಚೂಪಾಗಿದ್ದರೇ ಅದು ಆಯಿಲನ್ನು ಎಳೆಯುವುದು. ಗೆರೆಯೊಳಗೆ ಕರಿ ಕಟ್ಟಿದ್ದರೆ ಅಡಿಕೆ ಮರದ ಸಲಾಕೆಯ ತುದಿ ಚೂಪು ಮಾಡಿ, ಪೆಟ್ರೋಲ್ ಹಚ್ಚಿ, ಗೆರೆಯ ದಾರಿಯಲ್ಲೇ ಎಳೆದು ತೆಗೆಯಿರಿ. ಸಲಾಕೆ ಲೋಹಕ್ಕೆ ಗೀರು ಹಾಕುವುದಿಲ್ಲ. ಆಯಿಲ್ ವಾಪಸ್ ಚೇಂಬರಿಗೆ ಇಳಿಯುವ ತೂತು ತೆರೆದಿದೆಯೇ ಎಂದು ತಂತಿ ಹಾಕಿ ನೋಡಿ. ಹೋದ ಸಲದ ಸಿಲಿಕಾನ್ ತುಂಡು ಅಲ್ಲಿ ಕೂತಿದ್ದರೆ ನನಗೇನೂ ಆಶ್ಚರ್ಯ ಆಗುವುದಿಲ್ಲ.

ಹಿಂದಿನ ಮೇನ್ ಕ್ಯಾಪ್ ಬ್ಲಾಕಿಗೆ ಕೂಡುವ ಅಡ್ಡ ಮುಖಕ್ಕೆ ಹೈಲೋಮಾರ್‌ನಂಥ ಗಟ್ಟಿಯಾಗದ ಕಾಂಪೌಂಡನ್ನು ತೆಳ್ಳಗೆ ಹಚ್ಚಬೇಕು ಎಂದು ಬಿಎಂಸಿ ಮ್ಯಾನುವಲ್‌ಗಳಲ್ಲೇ ಇದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಮುಖ ಎರಡನ್ನೂ ಥಿನ್ನರ್‌ನಲ್ಲಿ ಒರೆಸಿ, ಬೆರಳ ತುದಿಯಲ್ಲಿ ಲೋಹದ ಬಣ್ಣ ಕಾಣುವಷ್ಟು ತೆಳ್ಳಗೆ ಸವರಿ. ಬೇರಿಂಗ್ ಶೆಲ್ ಕಡೆಗೆ ಒಂದು ಚೂರೂ ಹೋಗಬಾರದು. ದಪ್ಪ ಹಚ್ಚಿದರೆ ಕ್ಯಾಪ್ ಎತ್ತರಕ್ಕೆ ಕೂತು ಬೇರಿಂಗ್ ಕ್ಲಿಯರೆನ್ಸೇ ಬದಲಾಗುತ್ತದೆ. ಆ ಕ್ಲಿಯರೆನ್ಸನ್ನು ಅದಕ್ಕೆ ಮೊದಲೇ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದು ಎಷ್ಟೆಂದು ತೋರಿಸುವ ಪ್ಲಾಸ್ಟಿಕ್ ಎಳೆ) ಹಾಕಿ ಅಳೆದುಕೊಂಡಿರಿ. ಎರಡು ಥೌ ಸುತ್ತಮುತ್ತ ಇದ್ದರೆ ಒಳ್ಳೆಯದು. ಹಿಂದಿನ ಬೇರಿಂಗ್ ಸಡಿಲವಾದರೆ ಸ್ಕ್ರೋಲಿಗೆ ಎಳೆಯಲಾರದಷ್ಟು ಆಯಿಲ್ ಬರುತ್ತದೆ.

ಈ ಸ್ಕ್ರೋಲ್ ಜಾಗಕ್ಕೆ ರಬ್ಬರ್ ಲಿಪ್ ಸೀಲ್ ಕೂರಿಸುವ ಕಿಟ್‌ಗಳು ಹೊರದೇಶದಲ್ಲಿ ಸಿಗುತ್ತವೆ. ನನ್ನ ಸಲಹೆ, ಅದಕ್ಕೆ ಅವಸರ ಬೇಡ. ನಡು ತಪ್ಪಿದ ಕ್ರ್ಯಾಂಕಿಗೆ ಆ ಸೀಲೂ ಬಾಳುವುದಿಲ್ಲ. ನಡು ಸರಿ ಇದ್ದರೆ ಸ್ಕ್ರೋಲೇ ಸಾಕು.

ಇಲ್ಲಿ ನಮ್ಮ ಊರಿನದ್ದೇ ಆದ ಒಂದು ಸಂಗತಿ ಹೇಳಬೇಕು. ಕಾಸರಗೋಡಿನ ಗುಡ್ಡೆ ಸೀಮೆಯಲ್ಲಿ ಮನೆ, ತೋಟ ಎಲ್ಲಾ ತಗ್ಗಿನಲ್ಲಿ, ರಸ್ತೆ ಮೇಲೆ. ಗಾಡಿಯನ್ನು ಮೂತಿ ಮೇಲೆ ಮಾಡಿ ಇಳಿಜಾರಿನಲ್ಲೇ ನಿಲ್ಲಿಸುವುದು ರೂಢಿ, ಬೆಳಿಗ್ಗೆ ಹೊರಡಲು ಸುಲಭ ಎಂದು. ಹಾಗೆ ನಿಂತರೆ ಮೇಲಿನಿಂದ ನಿಧಾನಕ್ಕೆ ಇಳಿಯುವ ಆಯಿಲೆಲ್ಲಾ ಹಿಂದಕ್ಕೆ ಹರಿದು, ಕೆಲಸ ನಿಲ್ಲಿಸಿದ ಸ್ಕ್ರೋಲಿನ ಬುಡಕ್ಕೇ ಬರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಗದಿದ್ದರೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಇನ್ನೂ ಒಂದು. ಇಳಿಜಾರಿನಲ್ಲಿ ಡಿಪ್‌ಸ್ಟಿಕ್ ಎಳೆದರೆ ಲೆಕ್ಕ ತಪ್ಪುತ್ತದೆ. ಕಡಿಮೆ ಕಂಡಿತೆಂದು ಅರ್ಧ ಲೀಟರ್ ಸುರಿಯುತ್ತಾರೆ, ಆ ಹೆಚ್ಚುವರಿ ಆಯಿಲ್ ಮೊದಲು ಹುಡುಕುವ ದಾರಿಯೇ ಹಿಂದಿನದು. ಸಮತಟ್ಟಿನಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ನೋಡಿ. ಮೇಲಿನ ಗುರುತು ದಾಟಿಸಬೇಡಿ.

ಚೇಂಬರ್ ವಿಷಯ. ಇದು ತಗಡು ಒತ್ತಿ ಮಾಡಿದ್ದು. ಐವತ್ತು ವರ್ಷ ಬೇರೆ ಬೇರೆ ಕೈಗಳು ಬೋಲ್ಟ್ ಬಿಗಿದಿರುತ್ತವೆ. ಪ್ರತಿ ತೂತಿನ ಸುತ್ತಲೂ ತಗಡು ಗುಳಿ ಬಿದ್ದು, ಬೋಲ್ಟ್ ಬೋಲ್ಟಿನ ನಡುವೆ ಕೆಳಗಾಗಿರುತ್ತದೆ. ಹೊಸ ಕಾರ್ಕ್ ಹಾಕಿದರೂ ಒತ್ತು ಸಿಗುವುದು ಬೋಲ್ಟ್ ಹತ್ತಿರ ಮಾತ್ರ, ನಡುವೆ ಸಿಗುವುದಿಲ್ಲ. ಚೇಂಬರನ್ನು ದಪ್ಪ ಗಾಜಿನ ಮೇಲೆ ಮಗುಚಿ ಇಟ್ಟು ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ಎಲ್ಲಿ ಹೊರಬರುತ್ತದೋ ಅಲ್ಲಿ ಮುಂದೆ ಆಯಿಲೂ ಬರುತ್ತದೆ. ಅಂಚನ್ನು ಒಂದು ಗಟ್ಟಿ ಕಬ್ಬಿಣದ ತುಂಡಿನ ಮೇಲೆ ಇಟ್ಟು, ಉಬ್ಬಿದ ತೂತುಗಳನ್ನು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ನೆಟ್ಟಗೆ ಮಾಡಿ. ಮತ್ತೆ ಗಾಜು, ಮತ್ತೆ ಟಾರ್ಚ್. ಬೇಸರದ ಕೆಲಸ, ಆದರೆ ಇಡೀ ಎಂಜಿನ್ ಕಟ್ಟುವುದರಲ್ಲಿ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಟ್ಯಾಪೆಟ್ ಕವರ್, ಸೈಡ್ ಕವರ್, ಟೈಮಿಂಗ್ ಕವರ್ ಎಲ್ಲಕ್ಕೂ ಇದನ್ನೇ ಮಾಡಿ.

ಚೇಂಬರಿಗೆ ಉದ್ದಕ್ಕೆ ಎರಡು ಕಾರ್ಕ್ ಪಟ್ಟಿ, ಮುಂದೆ ಹಿಂದೆ ಮೇನ್ ಕ್ಯಾಪಿನ ಗ್ರೂವ್‌ನಲ್ಲಿ ಕೂರುವ ಎರಡು ಬಾಗಿದ ತುಂಡು. ಸೋರುವುದು ಇವು ಸೇರುವ ನಾಲ್ಕು ಮೂಲೆಯಲ್ಲಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಕ್ ಒಣಗಿ ಗಿಡ್ಡ ಆಗಿರುತ್ತದೆ, ತೂತಿಗೆ ತೂತು ಕೂಡುವುದಿಲ್ಲ. ಎಳೆದರೆ ಹರಿಯುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೇಲ್ಮೈ ಒಣಗಿಸಿ, ಆಗ ಉದ್ದ ವಾಪಸ್ ಬರುತ್ತದೆ. ಬಾಗಿದ ತುಂಡಿನ ತುದಿಗಳು ಪಟ್ಟಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ನಿಲ್ಲಬೇಕು, ಒತ್ತಿದಾಗ ಅವೇ ಮೂಲೆಯನ್ನು ತುಂಬುವುದು. ಸಮ ಕಾಣಲಿ ಎಂದು ಬ್ಲೇಡಿನಲ್ಲಿ ಕೊಯ್ಯಬೇಡಿ. ಸಿಲಿಕಾನ್ ಬೇಕಾದದ್ದು ಈ ನಾಲ್ಕು ಮೂಲೆಗೆ ಮಾತ್ರ, ಕಡಲೆ ಕಾಳಿನಷ್ಟು.

ಉಳಿದ ಕಡೆ ಕಾರ್ಕಿಗೆ ಸಿಲಿಕಾನ್ ಹಚ್ಚಿದರೆ ಎರಡು ಕೆಡುಕು. ಒಂದು, ಬೋಲ್ಟ್ ಬಿಗಿಯುವಾಗ ಕಾರ್ಕ್ ಜಾರಿ ಹೊರಗೆ ಬರುತ್ತದೆ. ಇನ್ನೊಂದು ಅದಕ್ಕಿಂತ ಅಪಾಯ. ಒಳಗೆ ಹಿಂಡಿ ಬಂದ ಸಿಲಿಕಾನ್ ಒಣಗಿ, ಹುಳುವಿನಂತೆ ಕಳಚಿ, ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸಲು ಹೋಗಿ ಬೇರಿಂಗ್ ಕಳೆದುಕೊಳ್ಳುವುದು ಹೀಗೆ. ಈ ಸಲ ಚೇಂಬರ್ ತೆಗೆದ ಕೂಡಲೇ ಆ ಜಾಲರಿ ನೋಡಿ. ಕಾರ್ಕನ್ನು ಚೇಂಬರ್ ಕಡೆ ಗ್ಯಾಸ್ಕೆಟ್ ಗಮ್‌ನಲ್ಲಿ ಅಂಟಿಸಿ, ಬ್ಲಾಕ್ ಕಡೆ ಗ್ರೀಸ್ ಸವರಿ. ಬೇಕಾದಾಗ ಹರಿಯದೆ ಬಿಚ್ಚಿಕೊಳ್ಳುತ್ತದೆ.

ಬಿಗಿಯುವುದರಲ್ಲಿ ಕೈ ಹದ ಬಹಳ ಮುಖ್ಯ. ಬಿ ಸೀರೀಸ್ ಎಂಜಿನ್‌ನ ಮ್ಯಾನುವಲ್ ಪ್ರಕಾರ ಚೇಂಬರ್ ಬೋಲ್ಟಿಗೆ 6 ಪೌಂಡ್ ಅಡಿ, ಅಂದರೆ ಸುಮಾರು 8 ನ್ಯೂಟನ್ ಮೀಟರ್. ಟ್ಯಾಪೆಟ್ ಕವರಿಗೆ 4 ಪೌಂಡ್ ಅಡಿ. ಸೈಡ್ ಕವರಿಗೆ ಬರೀ 2. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದವರಿಗೆ ಇದು ಬಿಗಿಯೇ ಅಲ್ಲ ಅನ್ನಿಸುತ್ತದೆ. ಆದರೆ ಅಷ್ಟೇ ಬೇಕು. ಜಾಸ್ತಿ ಬಿಗಿದರೆ ತಗಡು ಬಾಗುತ್ತದೆ, ಕಾರ್ಕ್ ಸೀಳುತ್ತದೆ. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೋಗುತ್ತಾ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದೆರಡು ಸಲ ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ. ಕಾರ್ಕ್ ಸ್ವಲ್ಪ ಕುಗ್ಗಿರುತ್ತದೆ, ಅದೇ ಟಾರ್ಕಿಗೆ ತನ್ನಿ.

ಟ್ಯಾಪೆಟ್ ಕವರಿನಲ್ಲಿ ಕಾರ್ಕಿನಷ್ಟೇ ಮುಖ್ಯ ಮೇಲಿನ ಎರಡು ನಟ್ಟಿನ ಬುಡದ ರಬ್ಬರ್ ಬುಷ್. ಅದು ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ನಟ್ಟು ಟೈಟ್ ಅನ್ನಿಸುತ್ತದೆ, ಕವರಿಗೆ ಒತ್ತೇ ಸಿಗುವುದಿಲ್ಲ. ಬುಷ್ ಮೂಲಕವೂ ಜಿನುಗುತ್ತದೆ. ಪ್ಯಾಕಿಂಗ್ ಸೆಟ್‌ನಲ್ಲಿ ಬರದಿದ್ದರೆ ಬೇರೆಯಾಗಿ ತರಿಸಿ. ಅದರ ಮೇಲಿನ ಬಟ್ಟಲು ವಾಷರ್ ಮರೆಯಬೇಡಿ.

ಟೈಮಿಂಗ್ ಕವರಿನಲ್ಲಿ ಎರಡು ಕಾಲದ ಸಾಮಾನು ಬೆರಕೆ ಆಗುವುದೇ ದೊಡ್ಡ ತೊಂದರೆ. ಹಳೇ ಕವರಿಗೆ ಫೆಲ್ಟ್ ಸೀಲ್, ಆಮೇಲಿನದಕ್ಕೆ ರಬ್ಬರ್ ಸೀಲ್. ಪುಲ್ಲಿಯ ಹಿಂದೆ ಕೂರುವ ಆಯಿಲ್ ಎರಚುವ ತಟ್ಟೆಯೂ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ. ಫೆಲ್ಟಿನ ಕವರಿಗೆ ಅದರದ್ದೇ ತಟ್ಟೆ ಬೇಕು, ಗುಳಿ ಇರುವ ಮುಖ ಎಂಜಿನ್ನಿನಿಂದ ಹೊರಕ್ಕೆ ಇರಬೇಕು. ಹೊಸ ಫೆಲ್ಟನ್ನು ಒಂದು ರಾತ್ರಿ ಆಯಿಲಿನಲ್ಲಿ ನೆನೆಸಿಡಿ. ಕವರ್ ಬೋಲ್ಟ್‌ಗಳನ್ನು ಸಡಿಲವಾಗಿ ಹಾಕಿ, ಪುಲ್ಲಿಯನ್ನು ಕ್ರ್ಯಾಂಕಿಗೆ ತೂರಿಸಿ, ಸೀಲ್ ನಡುವಿಗೆ ಬಂದ ಮೇಲೆ ಬೋಲ್ಟ್ ಬಿಗಿಯಿರಿ. ಪುಲ್ಲಿಯ ಕುತ್ತಿಗೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಯಾವ ಸೀಲೂ ನಿಲ್ಲದು. ಲೇತಿನಲ್ಲಿ ತೆಳು ಸ್ಲೀವ್ ಹಾಕಿಸಿ.

ಫಿಲ್ಟರ್ ಡಬ್ಬಿಯ ರಬ್ಬರ್ ರಿಂಗ್ ಮೇಲಿನ ಹೆಡ್ಡಿನ ಗ್ರೂವ್‌ನಲ್ಲಿರುತ್ತದೆ. ಹಳೇ ರಿಂಗ್ ಕಪ್ಪಗೆ ಗಟ್ಟಿಯಾಗಿ ಗ್ರೂವ್‌ನ ತಳವೇ ಎಂದು ಕಾಣುತ್ತದೆ. ಅದರ ಮೇಲೆಯೇ ಹೊಸದು ಹಾಕಿದರೆ ಪ್ರೆಶರ್ ಬಂದ ಕೂಡಲೇ ಆಯಿಲ್ ಚಿಮ್ಮುತ್ತದೆ. ಸೂಜಿಯ ತುದಿಯಲ್ಲಿ ಕೆರೆದು ಲೋಹ ಕಾಣುವವರೆಗೂ ತೆಗೆಯಿರಿ. ತಾಮ್ರದ ವಾಷರ್‌ಗಳು ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತವೆ. ಎಮರಿಯಲ್ಲಿ ಎರಡೂ ಮುಖ ಉಜ್ಜಿ ಹಾಕಿ.

ಒರೆಸಲು ಕಾಟನ್ ವೇಸ್ಟ್ ಬಳಸಬೇಡಿ. ಒಂದೇ ಒಂದು ನೂಲು ಎರಡು ಮುಖಗಳ ನಡುವೆ ಅಡ್ಡ ಬಿದ್ದರೂ ಆಯಿಲ್ ಅದನ್ನು ಹಿಡಿದುಕೊಂಡು ಹೊರಗೆ ಬರುತ್ತದೆ. ತೊಳೆದು ತೊಳೆದು ಸವೆದ ಹಳೇ ಪಂಚೆ ಒಳ್ಳೆಯದು. ಮಳೆಗಾಲದಲ್ಲಿ ಕೆಲಸ ಮಾಡುತ್ತೀರಿ ಎಂದಿರಿ. ಆಟಿಯ ತಂಡಿಗೆ, ಮೆಷಿನಿಂಗ್ ಆದ ಮುಖಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ವರ್ಕ್‌ಶಾಪ್‌ನಿಂದ ಬಂದ ದಿನವೇ ಆಯಿಲ್ ಸವರಿ ಪ್ಲಾಸ್ಟಿಕ್ ಸುತ್ತಿಡಿ. ಜೋಡಿಸುವ ದಿನ ಥಿನ್ನರ್‌ನಲ್ಲಿ ಒರೆಸಿ. ಕಾಗದದ ಪ್ಯಾಕಿಂಗ್‌ಗಳನ್ನು ಗೋಡೆಗೆ ತೂಗುಹಾಕಬೇಡಿ, ತಂಡಿ ಎಳೆದು ಸೈಜ್ ತಪ್ಪುತ್ತವೆ. ಪುಸ್ತಕದ ನಡುವೆ ಇಟ್ಟು ಡಬ್ಬಿಯಲ್ಲಿಡಿ.

ಕಾರಿಗೆ ಏರಿಸುವ ಮೊದಲೇ ಅರ್ಧ ಪರೀಕ್ಷೆ ಮಾಡಿಕೊಳ್ಳಬಹುದು. ಕೈಯಲ್ಲಿ ಗಾಳಿ ಒತ್ತುವ ಸಣ್ಣ ಸ್ಪ್ರೇಯರ್ ತನ್ನಿ. ಹೊಸದೇ ಆಗಬೇಕು, ಮೈಲುತುತ್ತು ಸುಣ್ಣ ಹೊಡೆದದ್ದು ಎಷ್ಟು ತೊಳೆದರೂ ಬೇಡ. ಅದರ ಪೈಪನ್ನು ಪ್ರೆಶರ್ ಗೇಜಿನ ಯೂನಿಯನ್ ಜಾಗಕ್ಕೆ ಜೋಡಿಸಿ, ಎಂಜಿನ್ ಆಯಿಲ್ ತುಂಬಿ, ಗಾಳಿ ಒತ್ತಿ ಒಳಗೆ ಕಳಿಸಿ. ಕ್ರ್ಯಾಂಕನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಿರಿ. ಬೇರಿಂಗಿಗೆಲ್ಲಾ ಆಯಿಲ್ ತಲುಪುತ್ತದೆ, ಮೊದಲ ಸ್ಟಾರ್ಟಿನಲ್ಲಿ ಒಣಗಿ ತಿರುಗುವ ಭಯ ಇಲ್ಲ. ಗ್ಯಾಲರಿ ಪ್ಲಗ್, ರಿಲೀಫ್ ವಾಲ್ವ್ ನಟ್ಟು, ಫಿಲ್ಟರ್ ಹೆಡ್ ಎಲ್ಲಾದರೂ ಜಿನುಗಿದರೆ ಸ್ಟ್ಯಾಂಡ್ ಮೇಲಿರುವಾಗಲೇ ಕಣ್ಣಿಗೆ ಬೀಳುತ್ತದೆ.

ಕೊನೆಗೆ ನೀವು ಕೇಳಿದ ಬಾಟಲಿ. ಸೋರಿಕೆ ನಿಲ್ಲಿಸುವ ಆ ಔಷಧಿಗಳು ಹೆಚ್ಚಾಗಿ ರಬ್ಬರ್ ಸೀಲನ್ನು ಉಬ್ಬಿಸಿ ಮೆತ್ತಗೆ ಮಾಡುವಂಥವು. ನಿಮ್ಮ ಎಂಜಿನ್ನಿನ ಹಿಂದಿನ ತುದಿಯಲ್ಲಿ ಉಬ್ಬಲು ರಬ್ಬರೇ ಇಲ್ಲ, ಉಳಿದ ಕಡೆ ಹೆಚ್ಚಾಗಿ ಇರುವುದು ಕಾರ್ಕ್, ಕಾಗದ, ತಾಮ್ರ. ಆಯಿಲ್ ದಪ್ಪ ಮಾಡಿದರೆ ನಿಲ್ಲುತ್ತದೆ ಎಂಬ ಮಾತನ್ನೂ ಕೇಳಬೇಡಿ. ನಮ್ಮ ಸೆಕೆಗೆ 20ಡಬ್ಲ್ಯೂ50 ಗ್ರೇಡಿನ ಆಯಿಲ್ ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಬೆಳಿಗ್ಗೆ ತಣ್ಣಗಿನ ಎಂಜಿನ್‌ನಲ್ಲಿ ಪ್ರೆಶರ್ ಏರಿ ಗಟ್ಟಿ ಇದ್ದ ವಾಷರೂ ಜಿನುಗಲು ಶುರುವಾಗುತ್ತದೆ. ಬಾಟಲಿಯ ದುಡ್ಡಿಗೆ ತಾಮ್ರದ ವಾಷರ್ ಸೆಟ್ಟು, ಟ್ಯಾಪೆಟ್ ಕವರಿನ ಎರಡು ರಬ್ಬರ್ ಬುಷ್ ತನ್ನಿ.